ಕಲೊಲೈನೆಯ ಕೈನೀರು

ನಾನಿಸಿ ಓಡಿ ಬರಲಿಲ್ಲ. ಗೆಣಸಿನ ತೋಟದ ಅಂಚಿನವರೆಗೆ ನಡೆದು ಬಂದು, ಬಾಳೆಯ ಬುಡದಲ್ಲಿ ನಿಂತು, ಗಂಡ ತಲೆಯೆತ್ತುವವರೆಗೆ ಕಾದಳು. ಮನಾಸೆ ಗುದ್ದಲಿಯನ್ನು ಮಣ್ಣಿಗೆ ಊರಿ ನೋಡಿದ. ಅವಳ ಸೊಂಟಕ್ಕೆ ಹರಕು ಚಾಪೆ ಸುತ್ತಿತ್ತು. ಅದನ್ನು ಕಂಡ ಮೇಲೆ ಕೇಳುವುದೇನೂ ಉಳಿಯಲಿಲ್ಲ. ಸಾವಿನ ಮನೆಯವರಲ್ಲದೆ ಅಂಥ ಚಾಪೆಯನ್ನು ಯಾರೂ ಸುತ್ತಿಕೊಳ್ಳುವುದಿಲ್ಲ.

“ಅತ್ತೆ ಹೋದ್ರು,” ಅಂದಳು. “ಪರಂಗಿ ಗಂಜಿ ಕುಡಿಸ್ತಾ ಇದ್ದೆ. ಒಂದು ಗುಟುಕು ನುಂಗಿದ್ರು. ಇನ್ನೊಂದಕ್ಕೆ ಬಾಯಿ ತೆರೀಲಿಲ್ಲ.”

“ಸಂಕಟಪಟ್ರಾ?”

“ಇಲ್ಲ. ನಿದ್ದೆ ಬಂದ ಹಾಗೆ.”

ಅವನು ಗುದ್ದಲಿಯನ್ನು ಅಲ್ಲೇ ಬಿಟ್ಟ. ಇಬ್ಬರೂ ತೆಂಗಿನ ಸಾಲಿನ ಕೆಳಗೆ ನಡೆದರು. ಅರ್ಧ ದಾರಿಯಲ್ಲಿರುವಾಗ ಕ್ರೈಸ್ತ ದೇವಾಲಯದ ಅಂಗಳದಿಂದ ಮರದ ನಗಾರಿಯ ಸದ್ದು ಕೇಳಿಸಿತು. ಕಲೊಲೈನೆ ತೀರಿಹೋದ ಸುದ್ದಿ ಊರಿಗೆಲ್ಲ ತಿಳಿಯಿತು.

ಮನೆಗೆ ಬರುವ ಹೊತ್ತಿಗೆ ಹೆಂಗಸರು ಒಳಗೆ ಸೇರಿ ದೇಹಕ್ಕೆ ಎಣ್ಣೆ ಹಚ್ಚುತ್ತಿದ್ದರು. ಗಂಡಸರು ತೆಂಗಿನ ಗರಿಯ ಚಪ್ಪರ ಎತ್ತುತ್ತಿದ್ದರು. ಮನಾಸೆ ತಾಯಿಯ ಹಣೆಗೆ ಮುತ್ತಿಟ್ಟು ಹೊರಗೆ ಬಂದು, ಹಿತ್ತಲಲ್ಲಿ ಗೆಳೆಯ ಸೊಸೆಫೊನ ಜೊತೆ ನೆಲದ ಒಲೆಗೆ ಗುಂಡಿ ತೋಡಲು ಕೂತ. ಸಾವಿನ ಮನೆಗೆ ಬಂದವರು ಹಸಿದು ಹೋಗಬಾರದು. ಒಲೆಯಲ್ಲಿ ಕಾಯಿಸಿ ಬೇಯಿಸುವ ಕಲ್ಲುಗಳನ್ನು ಆರಿಸುತ್ತಿರುವಾಗ ಗರಿಯ ತಡಿಕೆಯ ಆಚೆಯಿಂದ ಹೆಂಗಸರ ಮಾತು ಕೇಳುತ್ತಿತ್ತು.

“ನನ್ನ ಮಕ್ಕಳೆಲ್ಲ ಇವರ ಬಟ್ಟಲಿಂದಲೇ ಉಳಿದವು. ಬಯಕೆ ಸಂಕಟ ಅಂದ್ರೆ ನನಗೆ ಕುಡಿಯೋ ನೀರಿನ ವಾಸನೇನೂ ಆಗ್ತಿರಲಿಲ್ಲ.”

“ಯಾವ ಬಸುರಿ ಬಂದ್ರೂ ಎದ್ದು ಅರೆದು ಕೊಡ್ತಿದ್ರು. ಯಾರ ಹತ್ರಾನೂ ಏನೂ ತಗೊಂಡವರಲ್ಲ.”

“ನನ್ನ ಹತ್ರ ಒಂದು ಮೀನು ತಗೊಂಡಿದ್ರಲ್ಲ.”

“ನೀನು ಅಂಗಳದಲ್ಲಿ ಕೂತು ಎದ್ದೇ ಹೋಗ್ಲಿಲ್ಲ. ನಿನ್ನನ್ನ ಕಳಿಸೋಕೆ ತಗೊಂಡ್ರು.”

ಸಣ್ಣಗೆ ನಗು ಎದ್ದು ಅಡಗಿತು. ಆಮೇಲೆ ಫುಸಿಯ ದನಿ ಕೇಳಿಸಿತು. ಫುಸಿ ಕಲೊಲೈನೆಯ ತಂಗಿ, ಮನಾಸೆಗೆ ಚಿಕ್ಕಮ್ಮ.

“ನಮ್ಮಜ್ಜಿ ನಮ್ಮಮ್ಮನ ಕೈಗೆ ನೀರು ಹಾಕಿದ್ರು. ಅಮ್ಮ ಇವಳ ಕೈಗೆ ಹಾಕಿದ್ರು. ಇವಳು ಯಾರ ಕೈಗೂ ಹಾಕ್ಲಿಲ್ಲ. ಬಾಯಿ ಬಿದ್ದುಹೋಯ್ತಲ್ಲ, ಏನ್ ಮಾಡ್ತಾಳೆ. ಇವತ್ತು ನಮ್ಮಕ್ಕಾನೂ ಹೋದ್ಲು, ಔಷಧೀನೂ ಹೋಯ್ತು.”

ಮನಾಸೆಯ ಕೈಯಲ್ಲಿ ಕಲ್ಲಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಹಿಡಿದುಕೊಂಡೇ ಕೂತ. “ಕೊಡು ಮಾರಾಯ,” ಎಂದು ಸೊಸೆಫೊ ಅದನ್ನು ತೆಗೆದುಕೊಂಡು ಗುಂಡಿಗೆ ಹಾಕಿದ. ತಾಯಿಯನ್ನು ಕಳೆದುಕೊಂಡವನು ಹಾಗೆ ಕೂರುವುದು ಸಹಜವೆಂದು ಅವನು ಹೆಚ್ಚು ಮಾತಾಡಲಿಲ್ಲ.

ಆ ಔಷಧಿಯಲ್ಲಿ ಇರುವುದು ಸೀಬೆಯ ಚಿಗುರು, ಕಾಡುಶುಂಠಿ, ಮತ್ತೆ ಒಂದು ಮರದ ತೊಗಟೆ. ಮರದ ಹೆಸರು ಆ ಮನೆಯವರದು, ಹೊರಗೆ ಹೇಳುವಂತಿಲ್ಲ. ಆದರೆ ಎಲೆ ತಿಳಿದ ಮಾತ್ರಕ್ಕೆ ಆಗುವುದಿಲ್ಲ. ಕೈ ಪಡೆದವರು, ಅದೇ ಎಲೆ ನೆನೆಸಿದ ನೀರನ್ನು ಮುಂದಿನವರ ಕೈಮೇಲೆ ಸುರಿದು ಒಪ್ಪಿಸಬೇಕು. ಒಪ್ಪಿಸದ ಕೈಯಿಂದ ಅರೆದದ್ದು ಬರಿಯ ಸೊಪ್ಪಿನ ರಸ. ಹೀಗೆ ಸುರಿದು ಒಪ್ಪಿಸುವುದನ್ನು ಕೈನೀರು ಎನ್ನುತ್ತಿದ್ದರು. ದೇವರ ವಾಕ್ಯವನ್ನು ನಂಬಿದ ಊರೇ ಅದು. ಈ ಮಾತನ್ನೂ ನಂಬಿತ್ತು. ಸಭಾಪಾಲಕರ ಹೆಂಡತಿಯೂ ಆ ಬಟ್ಟಲಲ್ಲಿ ಕುಡಿದವಳೇ.

ಕಲೊಲೈನೆ ಯಾರ ಕೈಗೂ ನೀರು ಹಾಕದೆ ಹೋದಳೆಂಬುದು ಸುಳ್ಳು. ಹಾಕಿದ್ದಳು. ಮೂರು ವರ್ಷದ ಹಿಂದೆ, ಮೊದಲ ಸಲ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋದಾಗ. ಮಗಳು ಲೂಪೆ ಗಂಡನ ಊರಲ್ಲಿ, ಎದುರಿನ ದ್ವೀಪದಲ್ಲಿದ್ದಳು. ಗಾಳಿಗೆ ದೋಣಿ ಹೊರಡುತ್ತಿರಲಿಲ್ಲ. ಫುಸಿ ಕಾಯಿಲೆ ಬಿದ್ದಿದ್ದಳು. ಕಲೊಲೈನೆ ಮಗನನ್ನು ಕರೆದು ಎಲೆ ತರಿಸಿದಳು. ಎಡಗೈಯಿಂದ ಬಟ್ಟಲನ್ನು ಎತ್ತಿದಳು.

“ನನಗ್ಯಾಕಮ್ಮ ಇದು? ಹೆಂಗಸರ ವಿಷಯ,” ಅಂದಿದ್ದ ಮನಾಸೆ.

“ಕೈ ಚಾಚು. ನೀನು ಹೊಟ್ಟೇಲಿದ್ದಾಗ ನಾನೇ ಅರೆದು ನಾನೇ ಕುಡ್ದಿದೀನಿ. ಈ ಔಷಧಿ ನಿನಗೇನು ಹೊಸದಲ್ಲ.” ನೀರು ಸುರಿದ ಮೇಲೆ ಅವಳು ಹೇಳಿದ್ದಳು: “ಬಂದವರಿಗೆ ಇಲ್ಲ ಅನ್ನಬೇಡ. ಕಾಲ ಬಂದಾಗ ಯಾರಿಗೆ ಸೇರಬೇಕೋ ಅವರಿಗೆ ಹಾಕು.”

ಅದಾದ ಕೆಲವು ದಿನಕ್ಕೆ, ಕಾವಾ ಬೇರಿನ ಪಾನೀಯದ ಬಟ್ಟಲಿನ ಸುತ್ತ ಗಂಡಸರು ಕೂತಿದ್ದಾಗ ಸೊಸೆಫೊ ಒಂದು ಸುದ್ದಿ ಹೇಳಿದ. ಉತ್ತರದ ಯಾವುದೋ ಊರಲ್ಲಿ ಒಬ್ಬ ಗಂಡಸು ಬಸುರಿಯರ ಹೊಟ್ಟೆ ನೀವಿ ಔಷಧಿ ಕೊಡುತ್ತಾನಂತೆ. “ಈಗ ಅವನಿಗೂ ತಿಂಗಳು ತುಂಬಿದೆ ಅಂತ ಕೇಳ್ದೆ,” ಅಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಮನಾಸೆ. ಆ ನಗು ಮುಗಿಯುವಷ್ಟರಲ್ಲಿ ಅವನ ಮನಸ್ಸಿನಲ್ಲಿ ಒಂದು ಬಾಗಿಲು ಮುಚ್ಚಿಕೊಂಡಿತ್ತು.

ಮುಂದಿನ ತಿಂಗಳು ಕಲೊಲೈನೆಗೆ ಎರಡನೆಯ ಸಲ ಬಡಿದು ಮಾತು ಪೂರ್ತಿ ನಿಂತಿತು. ಕೆರೆದಂಡೆಯ ಮನೆಯ ವಿಕಾ ಬಸುರಿಯಾಗಿ, ಗೋಡೆ ಹಿಡಿದುಕೊಂಡು ಔಷಧಿ ಕೇಳಲು ಬಂದಳು. ಮಲಗಿದ್ದ ಕಲೊಲೈನೆ ಎಡಗೈ ಎತ್ತಿ ಬಾಗಿಲಲ್ಲಿ ನಿಂತ ಮಗನನ್ನು ತೋರಿಸಿದಳು.

“ಏನಂತಾರೆ?” ಎಂದು ವಿಕಾ ಕೇಳಿದಳು.

“ದಣಿವಾಗಿದೆ ಅಂತಾರೆ,” ಅಂದ ಮನಾಸೆ. “ಇನ್ನು ಆಗಲ್ಲ ವಿಕಾ. ಅದೆಲ್ಲ ಮುಗೀತು.”

ತಾಯಿಯ ಕೈ ಇಳಿಯಲಿಲ್ಲ. ಅವನು ಹತ್ತಿರ ಹೋಗಿ ಆ ಕೈಯನ್ನು ಹಿಡಿದು ಹೊದಿಕೆಯ ಒಳಗೆ ಇಟ್ಟ. ಅವಳು ಅವನ ಮುಖವನ್ನೇ ನೋಡಿದಳು. ವಿಕಾ ಕಣ್ಣೊರೆಸಿಕೊಂಡು ಹೋದಳು. ಆಮೇಲೆ ಅವಳನ್ನು ದೋಣಿಯಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಿ, ಬಹಳ ದಿನ ಅಲ್ಲೇ ಇಡಬೇಕಾಯಿತು.

ಮತ್ತೆ ಕೆಲವರು ಬಂದರು. ಪ್ರತಿ ಸಲವೂ ಆ ಎಡಗೈ ಎದ್ದಿತು. ಕಡೆಗೆ ಅವನ ಹೆಂಡತಿ ನಾನಿಸಿಯೇ ಬಸುರಿಯಾಗಿ, ಒಲೆಯ ಹೊಗೆ ಕಂಡರೂ ಹೊರಗೆ ಓಡುವಂತಾದಳು. ಅತ್ತೆ ಆಗಲೂ ಮನಾಸೆಯ ಕಡೆಗೆ ಬೆರಳು ತೋರಿಸಿದ್ದನ್ನು ಕಂಡು ನಾನಿಸಿ ವಾಕರಿಕೆಯ ನಡುವೆಯೂ ನಕ್ಕಿದ್ದಳು. “ನೋಡಿ, ಎಲ್ಲಾ ನಿಮ್ಮಿಂದಾನೇ ಆಗಿದ್ದು ಅಂತಿದಾರೆ ಅತ್ತೆ.” ಅವನೂ ನಕ್ಕಿದ್ದ. ಮನೆಮನೆ ತಿರುಗಿ ಅವಳಿಗೆ ನಿಂಬೆಹಣ್ಣು ತಂದುಕೊಟ್ಟ. ಇಂಥ ಗಂಡ ಯಾರಿಗಿದ್ದಾನೆ ಎಂದು ಊರ ಹೆಂಗಸರು ಮೆಚ್ಚಿಕೊಂಡರು. ಆ ಕೂಸು ಹುಟ್ಟುವ ಹೊತ್ತಿಗೆ ಕಲೊಲೈನೆ ಕೈ ಎತ್ತುವುದನ್ನೇ ಬಿಟ್ಟಿದ್ದಳು.

ಮಧ್ಯಾಹ್ನದ ಮೇಲೆ ಎದುರು ದ್ವೀಪದಿಂದ ದೋಣಿ ಬಂತು. ಮನಾಸೆ ದಡದಲ್ಲಿ ನಿಂತಿದ್ದ. ಲೂಪೆ ದೋಣಿಯ ಅಂಚಿಗೆ ಒರಗಿ, ತಲೆಯನ್ನು ನೀರಿನ ಕಡೆ ಬಾಗಿಸಿದ್ದಳು. ಅವಳ ಬೆನ್ನು ಎರಡು ಸಲ ನಡುಗಿತು. ಅವನು ಕೂಡಲೇ ಮುಖ ತಿರುಗಿಸಿದ. ತಂಗಿಯ ದೇಹದ ನೋವನ್ನು ಅಣ್ಣ ನೋಡಬಾರದು, ಕೇಳಬಾರದು; ಅವನಿರುವ ಕಡೆ ಯಾರೂ ಅದನ್ನು ಆಡಲೂ ಬಾರದು. ದೊಡ್ಡವರಾದ ದಿನದಿಂದ ಇಬ್ಬರೂ ಒಂದೇ ಸೂರಿನಡಿ ಮಲಗಿದವರಲ್ಲ. ಚಿಕ್ಕವಳಾದರೂ ತಂಗಿಯೇ ಮೇಲು. ಅವಳು ಒಳಗೆ ಬಂದರೆ ಅವನು ಎದ್ದು ಹೊರಗೆ ಹೋಗುವುದೇ ಮರ್ಯಾದೆ.

“ಸಮುದ್ರ ಜೋರಾಗಿತ್ತು ಅಂತ ಕಾಣುತ್ತೆ,” ಅಂದಳು ಫುಸಿ, ಎಲ್ಲರಿಗೂ ಕೇಳುವಂತೆ.

ಸಮುದ್ರ ಹಾಸಿದ ಚಾಪೆಯಂತೆ ಮಲಗಿತ್ತು.

“ಹೌದು, ಗಾಳಿ ಇದೆ,” ಅಂದ ಮನಾಸೆ.

“ಬಹಳ ಗಾಳಿ,” ಅಂದ ಸೊಸೆಫೊ. ದಡದಲ್ಲಿದ್ದ ಗಂಡಸರೆಲ್ಲ ಗಾಳಿ ಇದೆಯೆಂದು ಒಪ್ಪಿಕೊಂಡರು.

ಲೂಪೆಯನ್ನು ಇಬ್ಬರು ಹೆಂಗಸರು ತೋಳು ಹಿಡಿದು ಇಳಿಸಿದರು. ತಗ್ಗಿಸಿದ ಕಣ್ಣಿಗೆ ಅವನಿಗೆ ಕಂಡದ್ದು ಅವಳ ಕಾಲು ಮಾತ್ರ. ಕಣಕಾಲಿನ ಎಲುಬು ಎದ್ದು ಕಾಣುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಮನೆಯೊಳಗಿಂದ ಅವಳ ಅಳು ಕೇಳಿತು. ಸತ್ತವರ ಮುಂದೆ ಮಗಳು ದನಿಯೆತ್ತಿ ಅಳುವುದು, ಮಾತು ಜೋಡಿಸಿ ಅಳುವುದು ವಾಡಿಕೆ. ಲೂಪೆಗೆ ದನಿಯೆತ್ತುವಷ್ಟು ಶಕ್ತಿ ಇರಲಿಲ್ಲ. “ಅಮ್ಮ, ಒಂದೇ ಒಂದು ಬಟ್ಟಲು ಅರೆದಿಟ್ಟು ಹೋಗ್ಬಾರದಾಗಿತ್ತಾ. ಎಲ್ಲರ ಮಕ್ಕಳನ್ನೂ ಉಳಿಸಿದೆ. ನನ್ನದಕ್ಕೆ ಯಾರಿದಾರೆ.” ಮಾತು ಅಲ್ಲಿಗೆ ಮುರಿದು, ಬೋಗುಣಿಯ ಸದ್ದಾಯಿತು.

ಅಣ್ಣ ಕೇಳಿಸಿಕೊಳ್ಳಬಾರದ ಮಾತು. ಮನಾಸೆ ಸೌದೆ ತರುವ ನೆಪದಲ್ಲಿ ಎದ್ದು ಹೋದ. ಅಡುಗೆಯ ಗುಡಿಸಲ ಹಿಂದೆ ನಾನಿಸಿ ಕೆಸುವಿನ ಎಲೆ ಬಿಡಿಸುತ್ತಿದ್ದಳು.

“ನಿಮ್ಮ ಹತ್ರ ಆಡೋ ಮಾತಲ್ಲ,” ಅಂದಳು. “ಆದ್ರೂ ಆಡ್ತೀನಿ. ಮುಖ ಆ ಕಡೆ ಇಟ್ಕೊಳ್ಳಿ. ಹಿಂದೆ ಎರಡು ಸಲ ನಿಲ್ಲಲಿಲ್ಲ ಅವಳಿಗೆ. ಇಷ್ಟು ವರ್ಷಕ್ಕೆ ಇದು ನಿಂತಿದೆ. ಆದ್ರೆ ಹೊಟ್ಟೇಲಿ ನೀರು ನಿಲ್ತಿಲ್ಲ. ನರ್ಸಮ್ಮ ಕೊಟ್ಟ ಮಾತ್ರೇನೂ ಹೊರಗೆ ಬರುತ್ತೆ. ದೊಡ್ಡಾಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸ್ಕೋ ಅಂದ್ರಂತೆ. ಅಮ್ಮನ್ನ ಮಣ್ಣು ಮಾಡೋವರೆಗೆ ಕದಲಲ್ಲ ಅಂತಾಳೆ.”

ಅವನು ಆ ಕಡೆ ಮುಖಮಾಡಿ ಸೌದೆ ಆಯತೊಡಗಿದ.

“ಅಷ್ಟರೊಳಗೆ ಏನಾದ್ರೂ ಆಗಿಹೋದ್ರೆ? ಇದೂ ಹೋದ್ರೆ ಅವಳು ಉಳಿಯೋಳಲ್ಲ. ಬರೀ ನಿಮ್ಮ ಮರ್ಯಾದೆ ನೋಡ್ಕೊಂಡು ನಿಂತ್ಕೋಬೇಡಿ. ಅವಳ ಗಂಡನಿಗಾದ್ರೂ ಹೇಳಿ ದೋಣಿ ಕಟ್ಟಿಸಿ.”

“ಹೇಳ್ತೀನಿ,” ಎಂದು ಹೋದ. ದೋಣಿಯನ್ನು ನಾಳೆ ಮಧ್ಯಾಹ್ನಕ್ಕೆ, ಸಮಾಧಿಯಾದ ಕೂಡಲೇ ಹೊರಡುವಂತೆ ಗೊತ್ತುಮಾಡಿದ. ದೋಣಿಯ ಮಾತು ಗಂಡಸರು ಆಡಬಹುದಾದ ಮಾತು. ಅದು ಮುಗಿದ ಮೇಲೆ ಅವನ ಕಾಲು ಮನೆಯ ಕಡೆ ತಿರುಗಲಿಲ್ಲ. ತೋಟದ ಆಚೆಯ ಕಾಡಿಗೆ ಹೋದ.

ಸೂರ್ಯ ಮುಳುಗುವ ಹೊತ್ತಿಗೆ ಬಾವಿಯ ಹಿಂದೆ, ಯಾರೂ ಹೋಗದ ಕಡೆ, ಕಲ್ಲಿನ ಮೇಲೆ ಕಲ್ಲು ಉಜ್ಜುವ ಸದ್ದು ಕೇಳಿ ನಾನಿಸಿ ಇಣುಕಿದಳು. ಗಂಡ ಮಂಡಿಯೂರಿ ಕೂತು ಅರೆಯುತ್ತಿದ್ದ. ತಾಯಿಯಂತೆಯೇ ಚಿಗುರನ್ನು ಮೊದಲು, ಶುಂಠಿಯನ್ನು ಆಮೇಲೆ. ಅವಳಿಗೆ ವಾಸನೆ ತಿಳಿಯಿತು. ಹಿಂದೆ, ಅತ್ತೆ ಗಟ್ಟಿಯಾಗಿದ್ದಾಗ, ಮೊದಲ ಬಸುರಿನಲ್ಲಿ ಅವಳೂ ಅದನ್ನು ಕುಡಿದಿದ್ದಳು.

“ಏನಿದು?”

“ನೀನು ಕೊಡು ಅವಳಿಗೆ. ನಿನ್ನ ತಾಯಿ ಮನೆ ಔಷಧಿ ಅಂತ ಹೇಳು.”

“ನನ್ನ ತಾಯಿ ಮನೇಲಿ ಇರೋದು ಹುಣ್ಣಿನ ಔಷಧಿ. ಇದು ಅತ್ತೇದು. ನಿಮಗೆ ಯಾರು ಕೊಟ್ರು?”

ಅವನು ತನ್ನ ಎರಡು ಕೈಗಳನ್ನು ನೋಡಿಕೊಂಡ. ಅಷ್ಟರಲ್ಲೇ ಅವಳಿಗೆ ಅರ್ಥವಾಯಿತು. ಆದರೂ ಅವನ ಬಾಯಿಂದ ಬರಲೆಂದು ಕಾದಳು.

“ಮಾತು ಹೋಗೋ ಮುಂಚೆ ಹಾಕಿದ್ರು,” ಅಂದ.

ನಾನಿಸಿ ಬಾವಿಯ ಕಟ್ಟೆಯ ಮೇಲೆ ಮೆಲ್ಲಗೆ ಕೂತಳು.

“ಹಾಗಾದ್ರೆ ಅತ್ತೆ ಬೆರಳು ತೋರಿಸ್ತಿದ್ದದ್ದು ಅದಕ್ಕೆ.”

“ಹೂಂ.”

“ನಾನು ನಗ್ತಿದ್ದೆ. ನಿಮ್ಮಿಂದಾನೇ ಅಂತಾರೆ ಅಂತ. ನೀನೂ ನಗ್ತಿದ್ದೆ.” ಅವಳು ಅವನನ್ನು ಹಾಗೆ ಏಕವಚನದಲ್ಲಿ ಎಂದೂ ಮಾತಾಡಿಸಿದವಳಲ್ಲ. “ನಾಲ್ಕು ತಿಂಗಳು ನಾನು ಈ ಬಾವಿಕಟ್ಟೆ ತಬ್ಬಿಕೊಂಡು ಬಿದ್ದಿದ್ದೆ. ನೀನು ನಿಂಬೆಹಣ್ಣು ತರ್ತಿದ್ದೆ.”

“ಜನ ಏನಂತಾರೋ ಅಂತ ನಾಚಿಕೆಯಾಯ್ತು.”

“ಜನರ ಮುಂದೆ ಬೇಡ. ನಮ್ಮ ಮನೆಯೊಳಗೆ? ದೀಪ ಆರಿಸಿಯಾದ್ರೂ ಒಂದು ಬಟ್ಟಲು ಕೊಟ್ಟಿದ್ರೆ ನಾನು ಯಾರಿಗೆ ಹೇಳ್ತಿದ್ದೆ?”

ಒಮ್ಮೆ ಸುಳ್ಳು ಹೇಳಿದ ಮೇಲೆ ನಿಜವನ್ನು ಎಲ್ಲಿ ಹೊರಗೆ ತೆಗೆದರೂ ಆ ಸುಳ್ಳು ಅದರ ಜೊತೆಗೇ ಬರುತ್ತದೆಂಬುದು ಅವನಿಗೆ ಗೊತ್ತಿತ್ತು. ಅದನ್ನು ಹೆಂಡತಿಗೆ ವಿವರಿಸುವ ಧೈರ್ಯ ಇರಲಿಲ್ಲ. ನಾನಿಸಿ ಎದ್ದು ಬಟ್ಟಲನ್ನು ತೆಗೆದುಕೊಂಡಳು. “ಅವಳ ಹೊಟ್ಟೇಲಿರೋ ಕೂಸಿಗೋಸ್ಕರ ತಗೊಂಡು ಹೋಗ್ತೀನಿ. ಸುಳ್ಳು ಮಾತ್ರ ಹೇಳಲ್ಲ,” ಅಂದಳು.

ಹೋದವಳು ಬೇಗ ಹಿಂದಕ್ಕೆ ಬಂದಳು. ಬಟ್ಟಲು ತುಂಬಿದ್ದುದು ತುಂಬಿದ ಹಾಗೇ ಇತ್ತು.

“ವಾಸನೆ ನೋಡಿ ಕಣ್ಣಲ್ಲಿ ನೀರು ತುಂಬ್ಕೊಂಡ್ಳು. ಅಮ್ಮ ಯಾರ ಕೈಗೆ ನೀರು ಹಾಕಿದ್ಲು, ಯಾರ ಕೈ ಇದು ಅಂತ ಕೇಳಿದ್ಲು. ಕೇಳಬೇಡ ಕುಡಿ ಅಂದೆ. ಹೆಸರಿಲ್ಲದ ಕೈಯಿಂದ ಕುಡಿದು ಈ ಮಗೂನೂ ಕಳ್ಕೊಂಡ್ರೆ ಅಂತ ಹೇಳಿ ವಾಪಸ್ ಕೊಟ್ಲು.” ನಾನಿಸಿ ಬಟ್ಟಲನ್ನು ಅವನ ಮುಂದೆ ನೆಲದ ಮೇಲಿಟ್ಟಳು. “ಅಣ್ಣನ ಕೈ ಅಂತ ನಾನು ಹೇಗೆ ಹೇಳ್ಲಿ? ಹೇಳಿದ್ರೆ ನಾಚಿಕೆಯಿಂದಲೇ ಸಾಯ್ತಾಳೆ.”

ಅವನು ಆ ರಸವನ್ನು ಬೇಲಿಯ ಬುಡಕ್ಕೆ ಸುರಿದ. ಒಳಗಡೆ ಕೀರ್ತನೆ ಶುರುವಾಗಿತ್ತು. ಬೆಳಗಿನವರೆಗೂ ಹಾಡುತ್ತಾರೆ. ಅವನೂ ಹೋಗಿ ಗಂಡಸರ ಸಾಲಿನಲ್ಲಿ ಕೂತು ಕೆಳದನಿಯ ಭಾಗವನ್ನು ಹಾಡಿದ. ಹಾಡುವಾಗ ಒಂದೇ ಮಾತು ಮನಸ್ಸಿನಲ್ಲಿ ಸುತ್ತುತ್ತಿತ್ತು. ತಂಗಿಗೆ ಔಷಧಿ ಕೊಡುವಂತಿಲ್ಲ. ಅವಳ ಕಾಯಿಲೆಯ ಹೆಸರು ಎತ್ತುವಂತಿಲ್ಲ. ಆದರೆ ಅಣ್ಣನ ತೋಟದಲ್ಲಿ ಏನೇ ಬೆಳೆಯಲಿ, ಅದರ ಮೊದಲ ಪಾಲು ತಂಗಿಯ ಮನೆಗೆ ಹೋಗಬೇಕು. ಗೆಣಸು, ಹಂದಿ, ಹೊಸ ಚಾಪೆ. ಕೊಡುವುದಕ್ಕೆ ಕಾರಣ ಹೇಳಬೇಕಾಗಿಲ್ಲ, ಪಡೆಯುವುದಕ್ಕೆ ಅವಳು ನಾಚಬೇಕಾಗಿಲ್ಲ. ನಾಚಿಕೆ ಏನಿದ್ದರೂ ತಡವಾಗಿ ಕೊಟ್ಟವನದು.

ಬೆಳಿಗ್ಗೆ ದೇಹವನ್ನು ಎತ್ತುವ ಮೊದಲು ಮನೆಯ ಮಗ ನಾಲ್ಕು ಮಾತು ಹೇಳಬೇಕು. ಮನೆ ತುಂಬ ಹೆಂಗಸರು, ಅಂಗಳದ ತುಂಬ ಗಂಡಸರು. ಸಭಾಪಾಲಕರು ತಲೆಯ ಬಳಿ ನಿಂತಿದ್ದರು. ಲೂಪೆ ತಾಯಿಯ ಪಕ್ಕದಲ್ಲಿ, ಬಿಚ್ಚಿದ ಕೂದಲು ಮುಖ ಮುಚ್ಚುವಂತೆ ಕೂತಿದ್ದಳು. ಮನಾಸೆ ಒಳಗೆ ಬರಲಿಲ್ಲ. ಹೊಸಿಲ ಬಳಿ ನಿಂತ. ಅವನ ಕೈಯಲ್ಲಿ ಎಲೆ ನೆನೆಸಿದ ಮರದ ಬಟ್ಟಲು, ತೋಳಿನಲ್ಲಿ ಬಾಳೆನಾರಿನಿಂದ ಕಟ್ಟಿದ ಒಂದು ಎಲೆಯ ಕಟ್ಟು.

ಬಂದವರಿಗೆ ವಂದನೆ ಹೇಳಿದ. ಗೆಣಸು ತಂದವರಿಗೆ, ಚಾಪೆ ತಂದವರಿಗೆ ವಂದನೆ ಹೇಳಿದ. ಆಮೇಲೆ ಕೈಯಲ್ಲಿದ್ದ ಬಟ್ಟಲನ್ನು ನೋಡಿದ.

“ಅಮ್ಮನ ಒಂದು ವಸ್ತು ನನ್ನ ಹತ್ರ ಉಳಿದಿದೆ,” ಅಂದ. “ಔಷಧಿಯ ಕೈನೀರು. ನನ್ನ ಕೈಗೆ ಹಾಕಿದ್ರು.”

ಫುಸಿ ಮುಖ ಎತ್ತಿದಳು. “ಯಾವಾಗ?”

“ಮಾತು ಹೋಗೋ ಮುಂಚೆ, ಚಿಕ್ಕಮ್ಮ.”

“ಅದಾಗಿ ಮೂರು ವರ್ಷ ಆಯ್ತಲ್ಲಪ್ಪ.”

“ಹೌದು.”

ಹೆಂಗಸರ ನಡುವಿನಿಂದ ವಿಕಾ ಎದ್ದಳು. ಅವಳ ಮಗು ಸೊಂಟದ ಮೇಲಿತ್ತು. ದನಿ ಏರಿಸದೆ ಮಾತಾಡಿದಳು. “ನಾನು ಬಂದಿದ್ದೆ. ನಿಮ್ಮಮ್ಮ ನಿಮ್ಮನ್ನ ತೋರಿಸಿದ್ರು. ದಣಿವಾಗಿದೆ ಅಂತಾರೆ ಅಂದ್ರಿ.”

“ಸುಳ್ಳು ಹೇಳ್ದೆ, ವಿಕಾ.”

“ನಾನು ಇಷ್ಟು ದಿನ ಅಂದ್ಕೊಂಡಿದ್ದೆ, ನಾನೇನೋ ತಪ್ಪು ಮಾಡಿದೀನಿ, ಅದಕ್ಕೇ ಅವರು ನನಗೆ ಕೊಡ್ಲಿಲ್ಲ ಅಂತ,” ಎಂದು ಹೇಳಿ ವಿಕಾ ಕೂತಳು.

ಅವನು ನಗುವನ್ನು ನಿರೀಕ್ಷಿಸಿದ್ದ. ರಾತ್ರಿಯೆಲ್ಲ ಆ ನಗುವಿಗೆ ಮೈ ಗಟ್ಟಿಮಾಡಿಕೊಂಡಿದ್ದ. ಅಂಗಳದಲ್ಲಿ ಸೊಸೆಫೊ ಎದುರಿಗೇ ನಿಂತಿದ್ದ. ಅವನು ತನ್ನ ಕಾಲ ಹೆಬ್ಬೆರಳನ್ನು ನೋಡುತ್ತಿದ್ದ. ಯಾರೂ ನಗಲಿಲ್ಲ. ಮೂರು ವರ್ಷ ಹೆದರಿದ್ದು ಇಲ್ಲದ ಒಂದು ನಗುವಿಗೆ ಎಂಬುದು ಆ ಮೌನದಲ್ಲಿ ಅವನಿಗೆ ತಿಳಿಯಿತು. ನಕ್ಕಿದ್ದರೆ ಇದಕ್ಕಿಂತ ಹಗುರಾಗುತ್ತಿತ್ತು.

“ಇದು ನನ್ನದಲ್ಲ,” ಅಂದ. “ನನ್ನ ತಂಗಿಯ ಪಾಲು. ಮೊದಲೇ ಕೊಡಬೇಕಾಗಿತ್ತು. ಅಮ್ಮನ ಮುಂದೆ ಕೊಡ್ತಿದೀನಿ.”

ಲೂಪೆ ಅಲುಗಲಿಲ್ಲ. ಫುಸಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ಆಮೇಲೆ ಇಬ್ಬರು ಹೆಂಗಸರು, ದೇಹಕ್ಕೆ ಹೊದಿಸಲು ತಂದಿದ್ದ, ಮರದ ತೊಗಟೆಯನ್ನು ಬಡಿದು ಮಾಡಿದ ದೊಡ್ಡ ಬಟ್ಟೆಯನ್ನು ಬಿಡಿಸಿ, ಅಣ್ಣ ತಂಗಿಯರ ನಡುವೆ ಅಡ್ಡ ಹಿಡಿದರು. ಮನಾಸೆ ಮಂಡಿಯೂರಿ ಬಟ್ಟೆಯ ಹತ್ತಿರ ಬಂದ. ಅದರ ಕೆಳಗಿನಿಂದ ಎರಡು ಕೈಗಳು ಹೊರಗೆ ಬಂದವು. ಚರ್ಮ ಒಣಗಿ ಬಿರಿದಿತ್ತು, ಮಣಿಕಟ್ಟು ಹುಡುಗಿಯದರಷ್ಟು ತೆಳ್ಳಗಾಗಿತ್ತು. ಇಷ್ಟು ಹತ್ತಿರದಿಂದ ತಂಗಿಯ ಕೈಗಳನ್ನು ಅವನು ನೋಡಿದ್ದು ಬಾಲ್ಯದಲ್ಲಿ.

ಬಟ್ಟಲನ್ನು ಬಗ್ಗಿಸಿದ. ಅರ್ಧ ನೀರು ಚಾಪೆಯ ಮೇಲೆ ಬಿತ್ತು. ಉಳಿದದ್ದು ಅವಳ ಅಂಗೈ ತುಂಬಿತು.

“ಅಜ್ಜಿಯಿಂದ ಅಮ್ಮನಿಗೆ. ಅಮ್ಮನಿಂದ ನನಗೆ. ನನ್ನಿಂದ ನಿನಗೆ.” ಅಲ್ಲಿಗೆ ದನಿ ನಿಂತಿತು. ಕೈನೀರಿನ ಕಡೆಯ ಮಾತು ಇನ್ನೂ ಉಳಿದಿತ್ತು. ಅದನ್ನು ಹೇಳದೆ ಕೈ ಒಪ್ಪಿಸಿದಂತಾಗುವುದಿಲ್ಲ. ಊರೆಲ್ಲ ಕಾಯುತ್ತಿತ್ತು. ಬಾಗಿಲ ಬಳಿ ನಾನಿಸಿ ತಮ್ಮ ಕಿರಿಯ ಕೂಸನ್ನೆತ್ತಿಕೊಂಡು ನಿಂತಿದ್ದಳು. ಅವನು ಆ ಕಡೆ ನೋಡದೆ ಹೇಳಿದ: “ಬಂದವರಿಗೆ ಇಲ್ಲ ಅನ್ನಬೇಡ.”

ಬಟ್ಟೆಯ ಆಚೆಯಿಂದ, ನೀರಿನ ಸದ್ದಿನಷ್ಟೇ ಮೆಲ್ಲಗೆ, ಲೂಪೆ “ಅನ್ನಲ್ಲ” ಅಂದಳು. ಕೈಗಳು ಒಳಗೆ ಹೋದವು. ಅವನು ಎಲೆಯ ಕಟ್ಟನ್ನು ಅಲ್ಲೇ ಇಟ್ಟು, ಹಿಮ್ಮುಖವಾಗಿ ಸರಿದು ಹೊರಗೆ ಬಂದ.

ಸಮಾಧಿಯ ಕೆಲಸ ಮುಗಿಯುವ ಹೊತ್ತಿಗೆ ಬಿಸಿಲು ಏರಿತ್ತು. ದಡದಿಂದ ಬಿಳಿಯ ಮರಳನ್ನು ಬುಟ್ಟಿಗಳಲ್ಲಿ ಹೊತ್ತು ತಂದು ದಿಬ್ಬದ ಮೇಲೆ ಸುರಿದರು. ಸೊಸೆಫೊ ಎಲ್ಲರಿಗಿಂತ ಹೆಚ್ಚು ಬುಟ್ಟಿ ಹೊತ್ತ. ಕಡೆಗೆ ಗೆಳೆಯನ ಹತ್ತಿರ ಬಂದು, “ನಾನು ಅವತ್ತು ಆ ಮಾತು…” ಎಂದು ಶುರುಮಾಡಿದ.

“ನೀನು ಹೇಳ್ದೆ. ನಾನು ಅದನ್ನ ಬೇಕು ಅಂತ ಹಿಡ್ಕೊಂಡೆ,” ಅಂದ ಮನಾಸೆ. “ಬಿಡು.”

ಮಧ್ಯಾಹ್ನ ಹೊರಡಬೇಕಾಗಿದ್ದ ದೋಣಿ ನೀರಿನ ಇಳಿತದಿಂದಾಗಿ ಮರುದಿನ ಬೆಳಿಗ್ಗೆಗೆ ಹೋಯಿತು. ಲೂಪೆ ಫುಸಿಯ ಮನೆಯಲ್ಲಿ ಉಳಿದಳು. ಆಸ್ಪತ್ರೆಗೆ ಹೋಗಲು ಈಗ ಒಪ್ಪಿದ್ದಳು. ಅರೆಯುವ ಕಲ್ಲನ್ನೂ ಜೊತೆಗೆ ಕಟ್ಟಿಸಿಕೊಂಡಳೆಂದು ಯಾರೋ ಅಂದರು.

ಊಟಕ್ಕೆ ನಾನಿಸಿ ಗಂಡನ ಮುಂದೆ ಜೀಗುಜ್ಜೆ, ಹಂದಿಯ ತುಂಡು ಇಟ್ಟಳು. ಅವನ ಮುಖ ನೋಡಲಿಲ್ಲ. “ಉಪ್ಪು ಬೇಕಾ?” ಎಂದು ಕೇಳಿದಳು. ಬೇಡವೆಂದ. ಅವಳು ಕೂಸನ್ನು ಎತ್ತಿಕೊಂಡು ಹೋಗಿ ವಿಕಾಳ ಪಕ್ಕದಲ್ಲಿ ಕೂತಳು. ಆ ಇಬ್ಬರೂ ಹಿಂದೆ ಅಷ್ಟೇನೂ ಗೆಳತಿಯರಲ್ಲ.

ಸಂಜೆ ಫುಸಿ ಬಂದಳು. ಅಡುಗೆಯ ಗುಡಿಸಲಿನಲ್ಲಿ ನಾನಿಸಿಯೊಡನೆ ಮಾತಾಡುವಾಗ ಅವಳ ದನಿ ಬೇಕಿದ್ದಕ್ಕಿಂತ ದೊಡ್ಡದಾಗಿತ್ತು. “ಲೂಪೆ ತಾನೇ ಅರೆದು ಒಂದು ಬಟ್ಟಲು ಕುಡಿದ್ಲು. ಅರ್ಧ ಹೊರಗೆ ಬಂತು, ಅರ್ಧ ಉಳೀತು. ಆಮೇಲೆ ಅಂಗೈಯಷ್ಟು ಗೆಣಸು ತಿಂದ್ಲು. ಅದು ಇನ್ನೂ ಹೊಟ್ಟೇಲೇ ಇದೆ. ನಾಳೆ ಏನೋ, ದೇವರಿಗೆ ಗೊತ್ತು.”

ಹೊರಗೆ ಸೌದೆ ಒಡೆಯುತ್ತಿದ್ದ ಮನಾಸೆ ಕೊಡಲಿಯನ್ನು ಇಳಿಸಿದ. ಇದು ಅವನು ಕೇಳಬಾರದ ಮಾತು. ಕೊಡಲಿಯನ್ನು ಮತ್ತೆ ಎತ್ತಿ, ಕೇಳದವನಂತೆ ಒಡೆದ.

ದೀಪ ಹಚ್ಚಿದ ಮೇಲೆ ಮನೆಯವರು ಪ್ರಾರ್ಥನೆಗೆ ಸೇರಿದರು. ಕಲೊಲೈನೆ ಮಲಗುತ್ತಿದ್ದ ಜಾಗದಲ್ಲಿ ಬರಿಯ ಚಾಪೆ ಇತ್ತು; ಅದರ ಮೇಲೆ ಯಾರೂ ಕೂರಲಿಲ್ಲ. ಸಭಾಪಾಲಕರು ಒಂದು ಕೀರ್ತನೆ ಓದಿ, ಪ್ರಾರ್ಥನೆಯನ್ನು ಮನೆಯ ಯಜಮಾನ ಮಾಡಲಿ ಎಂದರು. ಮನಾಸೆ ಬೇಡವೆನ್ನಬೇಕೆಂದುಕೊಂಡ. ಸುಳ್ಳು ಹೇಳಿದ ಬಾಯಿ ಅದು. ಅಲ್ಲಿದ್ದವರೆಲ್ಲರಿಗೂ ಈಗ ಅದು ಗೊತ್ತು. ನಾನಿಸಿ ಹೆಂಗಸರ ಸಾಲಿನ ಕೊನೆಯಲ್ಲಿ, ಅವನಿಂದ ದೂರ, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಲೆ ತಗ್ಗಿಸಿ ಕೂತಿದ್ದಳು. ಎಲ್ಲರೂ ತಲೆ ತಗ್ಗಿಸಿದ್ದರು. ಅವನೂ ತಗ್ಗಿಸಿದ.

“ಕರ್ತನೇ, ನಿನ್ನ ದಾಸಿ ಕಲೊಲೈನೆಯನ್ನು ನಿನ್ನ ಮನೆಗೆ ಸೇರಿಸಿಕೋ. ಅವಳು ಬಹಳ ವರ್ಷ ಕೈ ದಣಿಯುವವರೆಗೆ ದುಡಿದಳು. ಈಗ ಅವಳಿಗೆ ವಿಶ್ರಾಂತಿ ಕೊಡು. ಕಡೆಯ ದಿನಗಳಲ್ಲಿ ನಾವು ಅವಳಿಗೆ…” ಎಂದು ಹೇಳಿ ಅವನು ನಿಂತ. ದೀಪದ ಬತ್ತಿ ಸಣ್ಣಗೆ ಚಟಪಟ ಎಂದಿತು. “ಕಡೆಯ ದಿನಗಳಲ್ಲಿ ನಾನು ಅವಳಿಗೆ ಕೊಡದೆ ಹೋದ ಸಮಾಧಾನವನ್ನು ನೀನು ಕೊಡು. ಆಮೆನ್.”